ಟವಲಿನ ಕೆಳಗೆ ಸಿಕ್ಕ ಸ್ಫೂರ್ತಿ

ನಿವೃತ್ತಿಯಾದ ಮರುದಿನ ಬೆಳಿಗ್ಗೆ ನಾನು ಚಿತ್ರ ಬರೆಯಲು ಕುಳಿತೆ. ಇನ್ನೂ ಕುಳಿತೇ ಇದ್ದೇನೆ.

ಡ್ರಾಯಿಂಗ್ ಮೇಷ್ಟ್ರಾಗಿ ಸರ್ವೀಸೆಲ್ಲ ನಾನು ಮಕ್ಕಳಿಂದ ಬರೆಸಿದ್ದು ಮಾವಿನಹಣ್ಣು, ಹೂಕುಂಡ, ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ. ಹೊಸದುರ್ಗ, ಹೊಳಲ್ಕೆರೆ, ಕೊನೆಗೆ ಹಿರಿಯೂರು. ವರ್ಗವಾದಲ್ಲೆಲ್ಲ ಅದೇ ಎರಡು ಗುಡ್ಡ, ಅದೇ ಸೂರ್ಯ. ಪಾಠ ಮುಗಿದಿಲ್ಲವೆಂದು ಗಣಿತದ ಮೇಷ್ಟ್ರು ನನ್ನ ಪೀರಿಯಡ್ಡನ್ನು ಕಿತ್ತುಕೊಂಡಾಗಲೆಲ್ಲ ನಾನು ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು, ‘ಇರಲಿ, ನಿವೃತ್ತಿಯೊಂದು ಆಗಲಿ, ಆಮೇಲೆ ನೋಡಿ’ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ. ನಿವೃತ್ತಿಯೂ ಆಯಿತು. ಈಗ ಎಲ್ಲರೂ ನೋಡುತ್ತಿದ್ದಾರೆ.

ಹಿರಿಯೂರಿನ ನಮ್ಮ ಮನೆಯಲ್ಲಿ ಬೀದಿಯ ಕಡೆಗೆ ಒಂದು ಕೋಣೆಯಿದೆ. ಅದರ ಉತ್ತರದ ಗೋಡೆಗೆ ದೊಡ್ಡ ಕಿಟಕಿ. ಉತ್ತರದ ಬೆಳಕು ಕಲಾವಿದರಿಗೆ ದೇವರು ಕೊಟ್ಟ ವರ ಎಂದು ಮನೆಯವರಿಗೆಲ್ಲ ತಿಳಿಸಿಹೇಳಿ ನಾನು ಆ ಕೋಣೆಯನ್ನು ನನ್ನ ಚಿತ್ರಶಾಲೆಯೆಂದು ಘೋಷಿಸಿದೆ. ಮನೆಯವರೆಂದರೆ ನನ್ನ ಹೆಂಡತಿ ವನಜ ಒಬ್ಬಳೇ. ಅವಳು ಓಣಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿದುಕೊಡುತ್ತಾಳೆ. ಅವಳ ಹೊಲಿಗೆ ಮಿಷನ್ನು ಅಡುಗೆಮನೆಯ ಪಕ್ಕದ ಕತ್ತಲೆಯಲ್ಲಿ, ಹಗಲಲ್ಲೂ ಬಲ್ಬು ಹಾಕಿಕೊಂಡು ಓಡುತ್ತದೆ.

ಶ್ರಾವಣ ಕಳೆಯಿತು, ಗಣೇಶ ಬಂದು ಹೋದ. ನನ್ನ ಕೋಣೆಯಲ್ಲಿ ಹಾಳೆ ಹಾಗೇ ಬೆಳ್ಳಗಿತ್ತು. ಒಂದು ದಿನ ವನಜ ಬಾಗಿಲಲ್ಲಿ ನಿಂತು, ಕೂಗಾಡದೆ, ತೀರ್ಪು ಓದುವವಳಂತೆ ಹೇಳಿದಳು.

“ನಂಗೆ ಸೂಜಿಗೆ ದಾರ ಪೋಣ್ಸಾಕೆ ಕಾಣ್ಸಲ್ಲ. ನೀವು ಈ ಬೆಳಕಲ್ಲಿ ಕುಂತು ಪೇಪರ್ ಓದ್ತೀರಿ. ಆಯುಧಪೂಜೆ ಒಳಗೆ ಒಂದು ಚಿತ್ರ, ಒಂದೇ ಒಂದು, ಪೂರ್ತಿ ಮುಗ್ಸಿ ಈ ಕೋಣೆಯಿಂದ ಆಚೆ ಕಳ್ಸಿ. ಕೋಣೆ ನಿಮ್ದೇ. ಇಲ್ಲಾಂದ್ರೆ ಅವತ್ತು ನನ್ ಮಿಷನ್ನಿಗೆ ಇಲ್ಲೇ ಪೂಜೆ.”

ಒಂದು ಚಿತ್ರ ತಾನೇ! ನಾನು ನಕ್ಕು ಒಪ್ಪಿಕೊಂಡೆ.

ಚಿತ್ರ ಬರೆಯುವುದು ಕಷ್ಟವಲ್ಲ. ಬರೆಯಲು ಕೂರುವ ಮುಂಚಿನ ಕೆಲಸಗಳು ಮುಗಿಯುವುದಿಲ್ಲ, ಅಷ್ಟೆ. ಬೆಳಿಗ್ಗೆ ಎದ್ದು ಪೆನ್ಸಿಲ್‌ಗಳನ್ನೆಲ್ಲ ಚೂಪು ಮಾಡುತ್ತೇನೆ. ಬಣ್ಣವನ್ನೇ ಕಾಣದ ಕುಂಚಗಳನ್ನು ತೊಳೆದು ಬಿಸಿಲಿಗೆ ಇಡುತ್ತೇನೆ. ಅವು ಒಣಗುವವರೆಗೆ ಮನೆಯಲ್ಲಿ ಏನು ಮಾಡುವುದೆಂದು ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತೇನೆ. ಅಲ್ಲಿ ಹೈವೇ ಬಸ್ಸುಗಳಿಂದ ಇಳಿಯುವವರ ಮುಖ ನೋಡುತ್ತೇನೆ. ತೆಂಗಿನಕಾಯಿ ಲಾರಿಗೆ ಕಾಯಿ ಎಸೆಯುವವರ ತೋಳು ನೋಡುತ್ತೇನೆ. ಚಹಾ ಕುಡಿಯುತ್ತೇನೆ. ಇದಕ್ಕೆಲ್ಲ ಕಲೆಯ ಭಾಷೆಯಲ್ಲಿ ವೀಕ್ಷಣೆ ಎನ್ನುತ್ತಾರೆ. ನನ್ನ ಹೆಂಡತಿಯ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವುದು ಬೇಡ. ಸಂಜೆ ಮನೆಗೆ ಬರುವಷ್ಟರಲ್ಲಿ ವೀಕ್ಷಿಸಿ ವೀಕ್ಷಿಸಿ ಸುಸ್ತಾಗಿರುತ್ತದೆ.

ಸ್ಫೂರ್ತಿ ಹುಡುಕಿಕೊಂಡು ದುರ್ಗದ ಕೋಟೆಗೂ ಹೋಗಿಬಂದೆ. ಬಂಡೆಗಳ ಎದುರು ಚೀಲ ಬಿಚ್ಚುವಷ್ಟರಲ್ಲಿ ಒಂದು ಮಂಗ ಬಂದು ಬುತ್ತಿಯನ್ನು ಬಿಟ್ಟು ರಬ್ಬರನ್ನು ಎತ್ತಿಕೊಂಡು ಹೋಯಿತು. ರಬ್ಬರಿಲ್ಲದೆ ನಾನು ಗೆರೆ ಎಳೆದವನಲ್ಲ, ವಾಪಸು ಬಂದೆ. ಮಾರಿಕಣಿವೆ ಅಣೆಕಟ್ಟಿಗೆ ಹೋದೆ. ನೀರಿನ ಎದುರು ಹಾಳೆ ಹರಡಿ ಕುಳಿತೆ. ಮೀನು ಹಿಡಿಯುವವನೊಬ್ಬ ಬಂದು ನನ್ನ ಬೆನ್ನ ಹಿಂದೆ ನಿಂತ. ಹಿಂದೆ ಒಬ್ಬ ನಿಂತಿದ್ದರೆ ನನಗೆ ಶುರು ಮಾಡಲು ಆಗುವುದಿಲ್ಲ. ನಾನು ಶುರು ಮಾಡುವವರೆಗೆ ಅವನು ಹೋಗುವ ಹಾಗಿಲ್ಲ. ಹೊತ್ತು ಇಳಿಯುವವರೆಗೂ ಇಬ್ಬರೂ ಹಾಗೇ ಇದ್ದೆವು. ಕೊನೆಗೆ ಅವನೇ ಸೋತು, ಬೀಡಿ ಹಚ್ಚಿಕೊಂಡು ಹೋದ.

ಹೀಗಿರುವಾಗ ನನಗೆ ದಾರಿ ತೋರಿಸಿದವನು ಬಷೀರ್. ಬಷೀರ್‌ಗೆ ನಮ್ಮ ಬೀದಿಯ ತುದಿಯಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿದೆ. ಅವನ ಅಪ್ಪ, ಅಜ್ಜ ಎಲ್ಲರೂ ಮರದ ಕೆಲಸದವರೇ. ನಾನು ನಿವೃತ್ತನಾದಾಗ ಅವನೇ ಕೈಯಾರೆ ಕೆತ್ತಿದ ದೊಡ್ಡ ಚೌಕಟ್ಟೊಂದನ್ನು ತಂದುಕೊಟ್ಟು, ಹೊರಗಿನದು ನಂದು, ಒಳಗಿನದು ನಿಮ್ಮದು ಎಂದಿದ್ದ. ಅದನ್ನು ನಾನು ಖಾಲಿಯಾಗಿಯೇ ಗೋಡೆಗೆ ತೂಗುಹಾಕಿದ್ದೆ. ಒಳಗೆ ನಮ್ಮ ಗೋಡೆಯ ಸುಣ್ಣವೇ ಕಾಣುತ್ತಿತ್ತು. ಬಂದ ನೆಂಟರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ಚೆನ್ನಾಗಿದೆ, ನನಗೆ ಅರ್ಥವಾಗಲಿಲ್ಲ ಎಂದರು.

ಬಷೀರ್‌ನ ಅಭಿಪ್ರಾಯವೇನೆಂದರೆ ಮುಖವನ್ನು ಎಲ್ಲರೂ ಬರೆಯುತ್ತಾರೆ, ನಾನು ಕೈ ಬರೆಯಬೇಕು. ಕೈ ನೋಡಬೇಕೆಂದರೆ ದನದ ಸಂತೆಗೆ ಬರಬೇಕು. ಅಲ್ಲಿ ದಲ್ಲಾಳಿಗಳು ಬಾಯಲ್ಲಿ ಮಾತಾಡುವುದೇ ಇಲ್ಲ, ಎಲ್ಲ ಕೈಯಲ್ಲೇ. ತಮ್ಮನ ಮನೆಗೆ ಹಾಲಿನ ಮೇಕೆ ನೋಡಲು ಅವನು ಹೇಗೂ ಹೊರಟಿದ್ದ. “ಬರ್ರಿ ಮೇಷ್ಟ್ರೇ, ಹೋಗಾಣ” ಎಂದ. ನಾನು ಸ್ಕೆಚ್ ಪುಸ್ತಕ ಹಿಡಿದು ಹೊರಟೆ. ಹೋಗುವಾಗ ವನಜ, ಬರುವಾಗ ಸಂತೆಯಿಂದ ಕೊತ್ತಂಬರಿ ಸೊಪ್ಪು ತರಲು ಹೇಳಿದಳು.

ದನದ ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲಿನ ಟವಲನ್ನು ಕೈಯ ಮೇಲೆ ಇಳಿಬಿಡುತ್ತಾನೆ. ಕೊಳ್ಳುವವನು ತನ್ನ ಕೈಯನ್ನು ಅದರ ಕೆಳಗೆ ತೂರಿಸುತ್ತಾನೆ. ಆಮೇಲಿನ ಮಾತೆಲ್ಲ ಬೆರಳುಗಳದು. ಇಂತಿಷ್ಟು ಬೆರಳು ಹಿಡಿದರೆ ಒಂದು ಬೆಲೆ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈ ಪೂರ್ತಿ ಹಿಡಿದರೆ ಮತ್ತೊಂದು. ಮೇಲೆ ಇಬ್ಬರ ಮುಖದಲ್ಲೂ ಏನೂ ಇರುವುದಿಲ್ಲ. ಒಬ್ಬ ಮೋಡ ನೋಡುತ್ತಿರುತ್ತಾನೆ, ಇನ್ನೊಬ್ಬ ದೂರದಲ್ಲಿ ಹೋಗುವ ಲಾರಿ ನೋಡುತ್ತಿರುತ್ತಾನೆ. ಟವಲು ಮಾತ್ರ ಒಳಗೆ ಇಲಿ ಹೊಕ್ಕ ಹಾಗೆ ಮಿಸುಕಾಡುತ್ತಿರುತ್ತದೆ.

ನನಗೆ ಮೈ ಜುಮ್ಮೆಂದಿತು. ಇಷ್ಟು ದಿನ ಹುಡುಕುತ್ತಿದ್ದ ವಿಷಯ ಕಣ್ಣೆದುರಿಗೆ ಬಂದು ನಿಂತಿತ್ತು. ‘ಮಾತಾಡುವ ಕೈಗಳು’ ಎಂದು ಹೆಸರನ್ನೂ ಇಟ್ಟೆ. ಪೆನ್ಸಿಲ್ ತೆಗೆದೆ. ಆಗ ಒಂದು ಸಣ್ಣ ತೊಡಕು ಗಮನಕ್ಕೆ ಬಂತು. ಕೈಗಳು ಟವಲಿನ ಕೆಳಗಿದ್ದವು! ನನಗೆ ಕಾಣುತ್ತಿದ್ದುದು ಟವಲು. ಟವಲು ನಮ್ಮ ಮನೆಯಲ್ಲೇ ಇತ್ತು.

ಬಷೀರ್ ನನ್ನನ್ನು ತಿಪ್ಪೇಸ್ವಾಮಿ ಎಂಬ ದಲ್ಲಾಳಿಗೆ ಪರಿಚಯ ಮಾಡಿಸಿ, ನಮ್ಮ ಮೇಷ್ಟ್ರು, ಬಹಳ ಬೇಕಾದವರು ಎಂದಷ್ಟೇ ಹೇಳಿ ಮೇಕೆಗಳ ಕಡೆ ಹೋದ. ನಾನು ಏಕೆ ಬಂದಿದ್ದೇನೆಂದು ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೈಯ ಆಕಾರ ಕಣ್ಣಿಗೆ ಕಾಣದಿದ್ದರೆ ಮುಟ್ಟಿಯಾದರೂ ತಿಳಿಯಬೇಕಲ್ಲ! ನಾನು ವಿನಯದಿಂದ, ನಾನೂ ಒಂದು ಸಲ ಟವಲಿನ ಕೆಳಗೆ ಕೈ ಇಡಬಹುದೇ ಎಂದು ಕೇಳಿದೆ.

“ಅದಕ್ಯಾಕೆ ಕೇಳ್ತೀರಿ, ಬರ್ರಿ ಮೇಷ್ಟ್ರೇ” ಎಂದ ತಿಪ್ಪೇಸ್ವಾಮಿ.

ಅವನ ಪಕ್ಕದಲ್ಲಿ ಒಬ್ಬ ಮುದುಕ, ಮುದುಕನ ಪಕ್ಕದಲ್ಲಿ ಒಂದು ಮಾಸಲು ಬಿಳಿ ಎತ್ತು ನಿಂತಿತ್ತು. ಅದಕ್ಕೂ ನನಗೂ ಏನಾದರೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ. ತಿಪ್ಪೇಸ್ವಾಮಿ ನನ್ನ ಎರಡು ಬೆರಳು ಹಿಡಿದ. ಆಹಾ, ಎಂಥ ಹಿಡಿತ! ಹೆಬ್ಬೆರಳ ಬುಡದ ಸ್ನಾಯು ಕಲ್ಲಿನಂತಿತ್ತು. ಅದು ಮನಸ್ಸಿನಲ್ಲಿ ನಿಲ್ಲಲೆಂದು ನಾನೂ ಒತ್ತಿ ನೋಡಿದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಒಂದು ಗೆಣ್ಣು ಒತ್ತಿದ. ನಾನು ಗೆಣ್ಣುಗಳ ಅಳತೆ ತಿಳಿಯಲೆಂದು ಅವನ ಐದೂ ಬೆರಳುಗಳನ್ನು ಸಾಲಾಗಿ ಒತ್ತಿದೆ. ಅವನ ಹುಬ್ಬು ಮೇಲಕ್ಕೆ ಹೋಯಿತು. ಮತ್ತೊಮ್ಮೆ ಒತ್ತಿ, ಖಾತ್ರಿಯೇ ಎಂಬಂತೆ ನೋಡಿದ. ನಾನು ಅಂಗೈಯ ನೆರಳು-ಬೆಳಕು ಎಲ್ಲಿ ಬೀಳಬಹುದೆಂದು ಯೋಚಿಸುತ್ತ ಅದನ್ನು ಪೂರ್ತಿಯಾಗಿ ಹಿಡಿದುಕೊಂಡೆ. ಕೊಳ್ಳುವವನೇ ಬೆಲೆ ಏರಿಸುತ್ತ ಹೋಗುವುದನ್ನು ತಿಪ್ಪೇಸ್ವಾಮಿ ತನ್ನ ಜೀವಮಾನದಲ್ಲಿ ಅಂದೇ ಕಂಡನಂತೆ. ಇದನ್ನು ಅವನು ಆಮೇಲೆ ಹೇಳಿದ.

ಅವನು ಟವಲನ್ನು ಮುದುಕನ ಕೈಮೇಲೆ ಹಾಕಿ ಬೆರಳಲ್ಲೇ ಏನೋ ಹೇಳಿದ. ಮುದುಕ ನನ್ನನ್ನು ಮನೆದೇವರನ್ನು ನೋಡುವಂತೆ ನೋಡಿ, ಎತ್ತಿನ ಬೆನ್ನು ತಟ್ಟಿ, ಅದರ ಹಗ್ಗವನ್ನು ನನ್ನ ಕೈಗೆ ಕೊಟ್ಟ. ಪಾಪ, ಸ್ವಲ್ಪ ಹೊತ್ತು ಹಿಡಿದುಕೊಂಡಿರಲು ಹೇಳುತ್ತಿದ್ದಾನೆ ಅಂದುಕೊಂಡೆ. ಹಿಡಿದುಕೊಂಡೆ.

ಮೇಕೆ ನೋಡಿ ಬಂದ ಬಷೀರ್, “ಏನ್ ಮೇಷ್ಟ್ರೇ, ಎತ್ತು ತಗಂಡ್ರಾ?” ಎಂದ. ನಾನು ನಕ್ಕೆ. ತಿಪ್ಪೇಸ್ವಾಮಿಯೂ ನಕ್ಕ. ಇಬ್ಬರೂ ನಕ್ಕಿದ್ದು ಒಂದೇ ಕಾರಣಕ್ಕಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ಕಲಾವಿದ, ನನಗೆ ಬೇಕಾದದ್ದು ಕೈ, ಎತ್ತಲ್ಲ ಎಂದು ವಿವರಿಸಿದೆ. ಸುತ್ತ ಜನ ಸೇರಿತು. ನನ್ನ ಯಾವ ಕಲಾಕೃತಿಗೂ ಅಷ್ಟು ಜನ ಸೇರಿದ್ದಿಲ್ಲ. ಬಷೀರ್ ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿದ: “ಟವಲ್ ಕೆಳಗಿನ ಮಾತು ಮುರಿಯಂಗಿಲ್ಲ ಮೇಷ್ಟ್ರೇ. ನೀವು ಇವತ್ತು ಬಿಟ್ಟು ಹೋಗ್ಬೋದು. ನಾಳೆಯಿಂದ ತಿಪ್ಪೇಸ್ವಾಮಿ ಟವಲ್ ಕೆಳಗೆ ಯಾರೂ ಕೈ ಇಡಲ್ಲ.”

ನಾನು ತಿಪ್ಪೇಸ್ವಾಮಿಯ ಮುಖ ನೋಡಿದೆ. ಅಲ್ಲಿ ಮೊದಲ ಬಾರಿಗೆ ಏನೋ ಕಾಣುತ್ತಿತ್ತು. ಬೆವರು. ಮುದುಕ ಆಗಲೇ ಕಣ್ಣೊರೆಸಿಕೊಂಡು ಎತ್ತಿಗೆ ಬುದ್ಧಿಮಾತು ಹೇಳುತ್ತಿದ್ದ. ಇಲ್ಲ ಅನ್ನುವ ಶಕ್ತಿ ನನಗೆ ಯಾವತ್ತೂ ಇರಲಿಲ್ಲ. ಇದ್ದಿದ್ದರೆ ಗಣಿತದ ಮೇಷ್ಟ್ರಿಗೆ ಅಷ್ಟೊಂದು ಪೀರಿಯಡ್ಡು ಸಿಗುತ್ತಿರಲಿಲ್ಲ.

ಮುದುಕ ಅಂಗಿಯ ಜೇಬಿನಿಂದ ಫೋನಿನಲ್ಲಿ ಹಣ ಹಾಕುವ ಚೌಕದ ಕಾರ್ಡು ತೆಗೆದು ಹಿಡಿದ. ನಾನು ಫೋನು ತೆಗೆದೆ. ಎಷ್ಟು ಹಾಕಬೇಕೆಂದು ನನಗೆ ಗೊತ್ತಿರಲಿಲ್ಲ. ನಾನು ಕೊಟ್ಟ ಬೆಲೆ ನನಗೇ ಗೊತ್ತಿಲ್ಲ! ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ. ಕೊನೆಗೆ ತಿಪ್ಪೇಸ್ವಾಮಿ ಟವಲಿನ ಕೆಳಗೆ ಬಷೀರ್‌ನ ಕೈ ಹಿಡಿದು ಬೆಲೆ ತಿಳಿಸಿದ, ಬಷೀರ್ ಅದನ್ನು ನನ್ನ ಫೋನಿನಲ್ಲಿ ಒತ್ತಿದ, ನಾನು ಕಣ್ಣುಮುಚ್ಚಿ ಗುಟ್ಟಿನ ನಂಬರು ಹಾಕಿದೆ. ಆ ಬೆಲೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಂತೆಯ ಮರ್ಯಾದೆ ಅದು. ಆದರೆ ಬ್ಯಾಂಕಿನವರಿಗೆ ಟವಲಿಲ್ಲ. ನಮ್ಮ ಖಾತೆಯಿಂದ ಏನು ಹೋದರೂ ವನಜಳ ಫೋನಿಗೆ ಮೆಸೇಜು ಬರುತ್ತದೆ.

ಎತ್ತು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಮುಂದೆ ಹಾದುಬಂದೆ. ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. ಕಾಯಿ ಎಸೆಯುವವರು ಕಾಯಿ ಕೈಯಲ್ಲೇ ಹಿಡಿದು ನಿಂತರು. ಇಷ್ಟು ದಿನ ನಾನು ವೀಕ್ಷಿಸಿದವರೆಲ್ಲ ಅಂದು ನನ್ನನ್ನು ಸಾವಕಾಶವಾಗಿ ವೀಕ್ಷಿಸಿದರು.

ವನಜ ಮೆಟ್ಟಿಲ ಮೇಲೆ ಫೋನು ಹಿಡಿದು ಕುಳಿತಿದ್ದಳು. ಎತ್ತನ್ನು ನೋಡಿದಳು. ನನ್ನನ್ನು ನೋಡಿದಳು. “ಕೊತ್ತಂಬರಿ ಸೊಪ್ಪು?” ಎಂದಳು.

ಮರೆತಿದ್ದೆ.

ನಮ್ಮ ಮನೆಯಲ್ಲಿ ಕೊಟ್ಟಿಗೆಯಿಲ್ಲ. ಪಕ್ಕದ ಓಣಿಯಲ್ಲಿ ಕಟ್ಟಬಹುದಾದ ಗಟ್ಟಿ ವಸ್ತುವೆಂದರೆ ನನ್ನ ಕೋಣೆಯ ಉತ್ತರದ ಕಿಟಕಿಯ ಕಂಬಿ. ಅಲ್ಲಿಗೇ ಕಟ್ಟಿದೆವು. ಎತ್ತು ತಲೆಯನ್ನು ಕಿಟಕಿಗೆ ಆನಿಸಿ ಒಳಗೆ ನೋಡುತ್ತ ನಿಂತಿತು. ಕಲಾವಿದರಿಗೆ ದೇವರು ಕೊಟ್ಟ ವರದ ಮುಕ್ಕಾಲು ಪಾಲನ್ನು ಅದರ ಮುಖ ಮುಚ್ಚಿತು. ಉಳಿದ ಕಾಲು ಪಾಲು ಅದರ ಕಿವಿಗಳ ಸಂದಿನಿಂದ ಬರುತ್ತಿತ್ತು.

ಮರುದಿನದಿಂದ ಜನ ನೋಡಲು ಬಂದರು. ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: ಇದರ ಜೊತೆ ಎಲ್ಲಿ? ಎತ್ತೆಂದರೆ ಜೋಡಿಯಂತೆ. ಒಂಟಿ ಎತ್ತಿಗೆ ನೇಗಿಲೂ ಇಲ್ಲ, ಗಾಡಿಯೂ ಇಲ್ಲ, ಗಿರಾಕಿಯೂ ಇಲ್ಲ. ಇದರ ಜೊತೆಯದು ಹೋದ ವರ್ಷ ಸತ್ತಿತ್ತಂತೆ. ಮುದುಕ ಅಂದಿನಿಂದ ಸಂತೆ ಸಂತೆಗೂ ತಂದು ನಿಲ್ಲಿಸಿ ವಾಪಸು ಹೊಡೆದುಕೊಂಡು ಹೋಗುತ್ತಿದ್ದನಂತೆ. ಅವನು ನನ್ನನ್ನು ಮನೆದೇವರಂತೆ ಏಕೆ ನೋಡಿದನೆಂದು ಆಗ ಅರ್ಥವಾಯಿತು. ಎದುರುಮನೆಯ ಅಜ್ಜಿ, ಜೊತೆಯಿಲ್ಲ ಎಂದು ಏಕೆ ಚಿಂತೆ, ಕಿಟಕಿಯ ಆ ಕಡೆ ಒಂದು ಈ ಕಡೆ ಒಂದು ಇದೆಯಲ್ಲ ಎಂದಳು. ವನಜ ನಕ್ಕಳು. ಮೆಸೇಜು ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು, ಆದ್ದರಿಂದ ನಾನೂ ನಕ್ಕೆ.

ಎತ್ತು ಸಾಕುವುದು ಏನೆಂದು ನನಗೆ ತಿಳಿದಿರಲಿಲ್ಲ. ಬೆಳಗಾದರೆ ಸಗಣಿ, ಮಧ್ಯಾಹ್ನ ಹುಲ್ಲು, ಸಂಜೆ ಕಲಗಚ್ಚು. ಮತ್ತೆ ಸಗಣಿ. ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡು ನಾನು ಹಾಸಿಗೆಗೆ ಬೀಳುತ್ತಿದ್ದೆ. ಕೋಣೆಯೊಳಗೆ ಹೋಗಿ ಕುಳಿತರೆ ಅದು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಪೆನ್ಸಿಲ್ ಚೂಪು ಮಾಡುವಾಗ ಅದು ನೋಡುವ ರೀತಿ ಹೋದ ಜನ್ಮದಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಹಾಗಿತ್ತು. ವನಜ ಒಂದು ದಿನ ಒಳಗೆ ಬಂದು, “ಎದುರಿಗೇ ಐತಲ್ಲ, ಅದನ್ನೇ ಬರೀರಿ” ಎಂದಳು. ಅದೂ ನ್ಯಾಯವೇ ಎನಿಸಿ ಹಾಳೆಯನ್ನು ಕಿಟಕಿಯ ಹತ್ತಿರ ಎಳೆದೆ. ಮುಖದ ಗೆರೆ ಮುಗಿಯುತ್ತ ಬಂದಿತ್ತು. ನೀರು ತರಲೆಂದು ಎದ್ದುಹೋಗಿ ಬರುವಷ್ಟರಲ್ಲಿ ಎತ್ತು ಕಂಬಿಯ ಸಂದಿನಿಂದ ನಾಲಿಗೆ ಚಾಚಿ ಹಾಳೆಯನ್ನು ಎಳೆದುಕೊಂಡು ತನ್ನ ಮುಖವನ್ನು ತಾನೇ ತಿಂದಿತ್ತು.

ಆಯುಧಪೂಜೆ ಹತ್ತಿರ ಬಂತು. ಆಗ ತಿಪ್ಪೇಸ್ವಾಮಿ ಬಂದ. ತನ್ನ ಟವಲಿನ ಮಾನ ಉಳಿಸಿದ ಮೇಷ್ಟ್ರನ್ನು ಅವನು ಮರೆತಿರಲಿಲ್ಲ. ಹೊರಕೆರೆದೇವಪುರದ ಕಡೆಯ ರುದ್ರಪ್ಪ ಎಂಬವರ ಜೋಡಿಯಲ್ಲೂ ಒಂದು ಹೋಗಿ ಒಂದೇ ಉಳಿದಿದೆ, ಎತ್ತರ ಬಣ್ಣ ಎಲ್ಲ ಇದಕ್ಕೆ ಸರಿಹೋಗುತ್ತದೆ, ನಾಳೆ ಕರೆತರುತ್ತೇನೆ ಎಂದ. ಹೋಗುವಾಗ ಒಂದು ಮಾತು ಸೇರಿಸಿದ. “ಬಾಳ ಮಂಕಾಗೈತೆ ಮೇಷ್ಟ್ರೇ. ಕೊಂಬು ಹೆರೆದು ಬಣ್ಣ ಹಚ್ಚಿಡ್ರಿ. ನಿಮಗೇನು ಹೇಳ್ಬೇಕಾ, ನೀವೇ ಬಣ್ಣದೋರು.”

ಬಣ್ಣದವರು! ನಿವೃತ್ತಿಯ ನಂತರ ನನಗೆ ಒಪ್ಪಿಸಿದ ಮೊದಲ ಕೆಲಸ. ನನ್ನೊಳಗೆ ಏನೋ ಎದ್ದು ಕುಳಿತಿತು. ಕೊಂಬು ಹೆರೆದೆ. ಎತ್ತಿಗೆ ಹುಲ್ಲು ಹಾಕಿ ಕಿಟಕಿಯೊಳಗಿನಿಂದಲೇ ಕೈ ಚಾಚಿ ಕೆಲಸ ಶುರು ಮಾಡಿದೆ. ಯಾವ ಬಣ್ಣ ಎಂದು ಯೋಚಿಸುವಾಗ ಮಾರಿಕಣಿವೆಯಲ್ಲಿ ಮೀನಿನವನು ಬೆನ್ನ ಹಿಂದೆ ನಿಂತಿದ್ದ ಆ ಸಂಜೆ ನೆನಪಾಯಿತು. ಗುಡ್ಡಗಳ ನಡುವೆ ನೀರು ಬೂದಿಯಾಗಿ, ಬೂದಿ ನೇರಳೆಯಾಗಿ, ಅಂಚಿನಲ್ಲಿ ಒಂದಿಷ್ಟು ಕಾವಿ ಉಳಿದಿತ್ತಲ್ಲ, ಅದು. ಬುಡದಲ್ಲಿ ಕಾವಿ, ನಡುವೆ ನೇರಳೆ, ತುದಿಗೆ ಹೋಗುತ್ತ ಹೋಗುತ್ತ ಬೂದಿ. ಒಂದರೊಳಗೊಂದು ಕರಗಬೇಕು, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯಬಾರದು. ಅಷ್ಟು ಖುಷಿಯಾಗಿ ನಾನು ಎಷ್ಟೋ ವರ್ಷಗಳಿಂದ ಕೆಲಸ ಮಾಡಿರಲಿಲ್ಲ. ಚಹಾ ಕುಡಿಯಲೂ ಹೋಗಲಿಲ್ಲ. ಮುಗಿದ ಮೇಲೆ ಎಡಗೊಂಬಿನ ಬುಡದಲ್ಲಿ, ಕಿವಿಯ ಹತ್ತಿರ, ಸಣ್ಣ ಅಕ್ಷರದಲ್ಲಿ ಸಹಿ ಮಾಡಿದೆ.

ಮಾರನೆಯ ದಿನ ರುದ್ರಪ್ಪ ಬಂದರು. ಬೆಳ್ಳನೆ ಪಂಚೆಯ, ಮಾತು ಕಡಿಮೆಯ ಮನುಷ್ಯ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರು, ಗೊರಸು ಎತ್ತಿ ನೋಡಿದರು, ಮೈಮೇಲಿನ ಸುಳಿಗಳನ್ನೆಲ್ಲ ಬೆರಳಿಟ್ಟು ಪರೀಕ್ಷಿಸಿ ಕೆಟ್ಟ ಸುಳಿ ಇಲ್ಲವೆಂದು ತಲೆಯಾಡಿಸಿದರು. ಫೋನಿನಲ್ಲಿದ್ದ ತಮ್ಮ ಎತ್ತಿನ ಫೋಟೋ ತೆಗೆದು ಪಕ್ಕಕ್ಕೆ ಹಿಡಿದರು. ಅಣ್ಣತಮ್ಮಂದಿರ ಹಾಗಿದ್ದವು. ಆಮೇಲೆ ಅವರ ಕಣ್ಣು ಕೊಂಬಿನ ಮೇಲೆ ಬಿತ್ತು. ರುದ್ರಪ್ಪ ಕೊಂಬನ್ನು ಉಜ್ಜಿದರು. ಮೂಸಿದರು. ಎರಡು ಹೆಜ್ಜೆ ಹಿಂದೆ ಸರಿದರು.

“ಮೇಷ್ಟ್ರೇ, ಎತ್ತಿಗೆ ಕೊಂಬಿನ ರೋಗ ಏನಾರ ಐತಾ?”

“ಅದು ರೋಗ ಅಲ್ಲ, ಮಾರಿಕಣಿವೆಯ ಸಂಜೆ” ಎಂದೆ.

ರುದ್ರಪ್ಪ ತಿಪ್ಪೇಸ್ವಾಮಿಯ ಕಡೆ ತಿರುಗಿ, ಇವರು ಏನು ಹೇಳುತ್ತಿದ್ದಾರೆಂದು ಕೇಳಿದರು. ತಿಪ್ಪೇಸ್ವಾಮಿ ಮೋಡ ನೋಡತೊಡಗಿದ. ಬುಡ ಕೊಳೆತು ತುದಿಗೆ ಏರಿದ ಹಾಗೆ ಕಾಣುತ್ತದೆ, ಇದನ್ನು ಊರಿಗೆ ಹೊಡೆದುಕೊಂಡು ಹೋದರೆ ಜನ ನನ್ನನ್ನು ಏನಂದಾರು ಎಂದು ರುದ್ರಪ್ಪ ಮೆಲ್ಲಗೆ ಚಪ್ಪಲಿಗೆ ಕಾಲು ತೂರಿಸಿದರು. ನನ್ನ ಕಣ್ಣ ಮುಂದೆ ಇಡೀ ವರ್ಷದ ಸಗಣಿ ಹಾದುಹೋಯಿತು.

ಆಗ ವನಜ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು.

“ನಿಮ್ಮನೆ ಎತ್ತಿನ ಕೊಂಬಿಗೆ ಯಾವ ಬಣ್ಣ ಐತಣ್ಣ?”

“ನೀಲಿ, ಅಕ್ಕಾರೆ. ತುದಿಗೆ ಕೆಂಪು.”

ನಮ್ಮ ಗೇಟಿನ ಬಣ್ಣ ನೀಲಿ. ಬಳಿದು ಉಳಿದ ಡಬ್ಬಿ ಅಟ್ಟದ ಮೇಲಿತ್ತು. ಕೆಂಪು ಹೊಸ್ತಿಲಿಗೆ ಹಚ್ಚಿದ್ದು. ವನಜ ಡಬ್ಬಿ ಇಳಿಸಿ, ಕಡ್ಡಿಯಿಂದ ಕಲಕಿ, ಎಂದೂ ಬಣ್ಣ ಕಾಣದ ನನ್ನ ಒಳ್ಳೆಯ ಕುಂಚವೊಂದನ್ನು ಕೇಳದೆಯೇ ಎತ್ತಿಕೊಂಡು ಕೆಲಸಕ್ಕೆ ನಿಂತಳು. ನನ್ನ ಸಂಜೆಯ ಮೇಲೆ ನೀಲಿ ಹರಿಯಿತು. ನಾನು ಎತ್ತಿನ ಹಗ್ಗ ಹಿಡಿದು ನಿಂತು ನೋಡುತ್ತಿದ್ದೆ. ಅವಳು ಕೆಂಪಿನ ಅಂಚು ನೇರವಾಗಿ ಬರಲೆಂದು ಮುಖವನ್ನು ಕೊಂಬಿಗೆ ತಾಗುವಷ್ಟು ಹತ್ತಿರ ತಂದು, ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು. ಅಷ್ಟು ಹತ್ತಿರ ಬಂದರೆ ಮಾತ್ರ ಅವಳಿಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಊರಿನವರ ಮುಖವನ್ನೆಲ್ಲ ವೀಕ್ಷಿಸಿ ಬಂದ ನಾನು ಇದೊಂದನ್ನು ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅಂಚು ಮಾತ್ರ ಅಳತೆಪಟ್ಟಿ ಇಟ್ಟ ಹಾಗೆ ಬಂದಿತ್ತು. ಎತ್ತು ಜೋಡಿಗೆ ಹೊರಟ ಮದುಮಗನಂತೆ ತಲೆ ಎತ್ತಿತು. 

“ಈಗ ಎತ್ತು” ಎಂದರು ರುದ್ರಪ್ಪ.

ತಿಪ್ಪೇಸ್ವಾಮಿಗೆ ಜೀವ ಬಂತು. ಟವಲು ಇಳಿಬಿಟ್ಟ. ರುದ್ರಪ್ಪ ಕೈ ತೂರಿಸಿದರು. ನಮ್ಮ ಕಡೆಯಿಂದ ಯಜಮಾನನಾದ ನಾನು ಕೈ ಮುಂದೆ ಮಾಡಿದೆ. ವನಜ ಆ ಕೈಯನ್ನು ಹಿಡಿದು, ಮೆಲ್ಲಗೆ, ನನ್ನ ಅಂಗಿಯ ಜೇಬಿನೊಳಗೆ ಇಟ್ಟಳು. ಆಮೇಲೆ ತನ್ನ ಫೋನು ತೆಗೆದು ಆ ದಿನದ ಮೆಸೇಜನ್ನು ರುದ್ರಪ್ಪನವರ ಮುಖಕ್ಕೆ ಹಿಡಿದಳು.

“ಇದ್ರಲ್ಲಿ ಎಷ್ಟೈತೋ ಅಷ್ಟು ಕೊಡ್ರಣ್ಣ. ಹುಲ್ಲಿಂದು ಬ್ಯಾಡ, ಬಣ್ಣದ್ದೂ ಬ್ಯಾಡ.”

ತಲೆತಲಾಂತರದಿಂದ ಟವಲಿನ ಕೆಳಗಿದ್ದ ವ್ಯವಹಾರ ನಮ್ಮ ಬೀದಿಯಲ್ಲಿ ಹಾಡಹಗಲಲ್ಲೇ ಬತ್ತಲೆಯಾಯಿತು. ತಿಪ್ಪೇಸ್ವಾಮಿ ಟವಲಿನಿಂದ ಮುಖ ಮುಚ್ಚಿಕೊಂಡ. ರುದ್ರಪ್ಪ ಮೆಸೇಜು ಓದಿ, ನನ್ನನ್ನು ಕನಿಕರದಿಂದ ನೋಡಿ, ಬೆಲೆ ಜಾಸ್ತಿಯೇ ಆಯಿತು ಎಂದರು. ನಿಮಗೆ ಜೋಡಿ ಬೇಕೋ ಬೇಡವೋ ಎಂದಳು ವನಜ. ಫೋಟೋವನ್ನು ಮತ್ತೊಮ್ಮೆ ನೋಡಿ ರುದ್ರಪ್ಪ ಒಪ್ಪಿದರು. ಎತ್ತು ಟೆಂಪೋ ಹತ್ತಿ ಹೊರಟಿತು. ಕಿಟಕಿಯಲ್ಲಿ ಬೆಳಕು ತುಂಬಿತು, ನನಗೆ ಏಕೋ ಬಿಕೋ ಎನಿಸಿತು.

ಆಯುಧಪೂಜೆಯ ದಿನ ಬೆಳಿಗ್ಗೆ ನಾನು ನನ್ನ ವಾದವನ್ನು ಮಂಡಿಸಿದೆ. ಒಂದು ಚಿತ್ರ ಪೂರ್ತಿ ಮುಗಿಯಬೇಕೆಂದಿತ್ತು, ಮುಗಿದಿದೆ. ಈ ಕೋಣೆಯಿಂದ ಆಚೆ ಹೋಗಬೇಕೆಂದಿತ್ತು, ಈ ಕಿಟಕಿಯಿಂದಲೇ ಬರೆದದ್ದು ಹೊರಕೆರೆದೇವಪುರದವರೆಗೆ ಹೋಗಿದೆ. ಮಾರಾಟವೂ ಆಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮೇಲೆ ನನ್ನ ಸಹಿಯಿದೆ. ಇದು ಸುಳ್ಳಲ್ಲ. ಎತ್ತು ಕಿವಿ ಬಡಿಯುತ್ತಿದ್ದುದರಿಂದ ವನಜ ಕೊಂಬಿನ ಬುಡಕ್ಕೆ ಬಣ್ಣ ಹಚ್ಚಿರಲಿಲ್ಲ, ಸಹಿ ಹಾಗೇ ಉಳಿದಿತ್ತು.

ವನಜ ಮಿಷನ್ನು ಒರೆಸುತ್ತ ಪೂರ್ತಿ ಕೇಳಿದಳು.

“ಸಹಿ ನಿಮ್ದೇ, ನಾನೆಲ್ಲಿ ಅಲ್ಲ ಅಂದೆ? ಚಿತ್ರ ಯಾರ್ದು?”

ನಾನು ಮಿಷನ್ನಿನ ಒಂದು ಕಡೆ ಹಿಡಿದೆ, ಸಹಾಯಕ್ಕೆ ಬಂದಿದ್ದ ಬಷೀರ್ ಇನ್ನೊಂದು ಕಡೆ ಹಿಡಿದ. ಕಿಟಕಿಯ ಕೆಳಗೆ ಇಟ್ಟೆವು. ವನಜ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಇಟ್ಟಳು; ಪಕ್ಕದಲ್ಲಿ ಕತ್ತರಿ, ಅದರ ಪಕ್ಕದಲ್ಲಿ, ಪಾಪ ಅನಿಸಿತೋ ಏನೋ, ನೀಲಿ ಬಣ್ಣ ಒಣಗಿ ಗಟ್ಟಿಯಾದ ನನ್ನ ಕುಂಚವನ್ನೂ ಇಟ್ಟಳು. ಬಷೀರ್ ಮರುದಿನ ಚೌಕಟ್ಟನ್ನು ಒಯ್ದು ಅದಕ್ಕೆ ಕನ್ನಡಿ ಕೂರಿಸಿಕೊಟ್ಟ. ಬ್ಲೌಸು ಹಾಕಿನೋಡಲು ಬರುವ ಹೆಂಗಸರೆಲ್ಲ ಅದನ್ನು ಹೊಗಳುತ್ತಾರೆ.

ಈಗ ನಾನು ಬಸ್‌ಸ್ಟ್ಯಾಂಡಿಗೆ ಹೋಗುವುದು ಕಡಿಮೆ. ಅಲ್ಲಿ ಎಲ್ಲರೂ ಎತ್ತಿನ ಕ್ಷೇಮ ವಿಚಾರಿಸುತ್ತಾರೆ. ಅದೇ ಕೋಣೆಯಲ್ಲಿ ನನಗೊಂದು ಸ್ಟೂಲು ಸಿಕ್ಕಿದೆ. ಬ್ಲೌಸುಗಳಿಗೆ ಹುಕ್ಕು ಹಚ್ಚುವ ಕೆಲಸ ನನ್ನದು. ನನ್ನ ಕೈ ಸುಮ್ಮನಿದ್ದರೆ ಮತ್ತೆ ಯಾರದೋ ಟವಲಿನ ಕೆಳಗೆ ಹೋದೀತೆಂದು ವನಜಳಿಗೆ ಭಯ. ಅವಳ ಸೂಜಿಗೂ ನನ್ನ ಸೂಜಿಗೂ ದಾರ ಪೋಣಿಸಿಕೊಡುವವನು ನಾನೇ. ಉತ್ತರದ ಬೆಳಕಿನ ಬಗ್ಗೆ ಇಷ್ಟು ದಿನ ನಾನು ಹೇಳಿದ್ದು ಸುಳ್ಳಲ್ಲ. ಅಂಥ ಬೆಳಕು ಇಡೀ ಹಿರಿಯೂರಿನಲ್ಲಿ ಇಲ್ಲ. ದಾರ ಮೊದಲ ಸಲಕ್ಕೇ ಹೋಗುತ್ತದೆ.